ಮೀನು ಆಯುವ ಹೆಂಗಸು

ಚಿತ್ರದೊಳಗಿನ ಹೆಂಗಸಿನ ಹೊಟ್ಟೆಯಿಂದ ಕಣ್ಣು ಕೀಳಲಾರದೆ ಅಂಪಾರೊ ನಿಂತಿದ್ದಳು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಅವಳ ತಾಯಿ ಸಬಿನ ಇನ್ನೂ ತಲೆಯೆತ್ತಿರಲಿಲ್ಲ. ಚಪ್ಪಲಿಯ ಪಟ್ಟಿ ಎಲ್ಲೋ ಒತ್ತುತ್ತಿದೆಯೆಂದು ಬಗ್ಗಿ ಅದನ್ನೇ ಸಡಿಲಿಸುತ್ತ, ಉಸ್ಸೆನ್ನುತ್ತ, ಇಂಥ ದೊಡ್ಡ ಕಟ್ಟಡದಲ್ಲಿ ಒಂದು ಲೋಟ ನೀರಿಗೂ ಗತಿಯಿಲ್ಲವೆಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಇನ್ನೇನು ಅವಳು ತಲೆಯೆತ್ತುತ್ತಾಳೆ, ಎತ್ತಿದ ಕೂಡಲೇ ಎದುರಿನ ಚಿತ್ರದಲ್ಲಿ ತನ್ನನ್ನೇ ಕಾಣುತ್ತಾಳೆ ಎಂದು ಅಂಪಾರೊ ಕಾಯುತ್ತಿದ್ದಳು. ಚಿತ್ರದಲ್ಲಿ ಲಗುನ ಸರೋವರದ ದಂಡೆ, ಬಿದಿರಿನ ಅಟ್ಟ, ಸಂಜೆಯ ಅರಿಸಿನ ಬೆಳಕು. ಅಟ್ಟದ ಮೇಲೆ ನಿಂತ ಹೆಂಗಸೊಬ್ಬಳು ಮೊರದಲ್ಲಿ ಸಣ್ಣ ಮೀನು ಹರವಿಕೊಂಡು ಆಯುತ್ತಿದ್ದಾಳೆ. ಒದ್ದೆಯಾದ ಬಟ್ಟೆ ಮೈಗೆ ಅಂಟಿ, ತುಂಬಿದ ಬಸಿರು ಮೊರದ ಅಂಚಿಗೆ ತಾಗುವಷ್ಟು ಮುಂದೆ ಬಂದಿದೆ. ಮುಖ ಅರ್ಧ ಆಚೆ ತಿರುಗಿದೆ. ಆದರೆ ಎಡ ಮುಂಗೈ ಮಾತ್ರ ನೋಡುವವರ ಕಡೆಗೇ ಚಾಚಿಕೊಂಡಿದ್ದು, ಅದರ ಮೇಲೆ ಎಲೆಯ ಆಕಾರದ ಒಂದು ಸುಟ್ಟ ಕಲೆಯಿದೆ. ಗಂಜಿ ಚೆಲ್ಲಿ ಆದ ಕಲೆ ಅದು. ದಿನಾ ಬೆಳಿಗ್ಗೆ ಅಂಪಾರೊ ತಾಯಿಯ ಕೈಗೆ ಸೋಪು ಹಚ್ಚಿ ತೊಳೆಯುವ ಕಲೆ. ಈಗ ಚರ್ಮ ಸಡಿಲಾಗಿ ಎಲೆಯೂ ಸುಕ್ಕುಗಟ್ಟಿದೆ, ಅಷ್ಟೇ. ಚಿತ್ರದ ಪಕ್ಕದ ಚೀಟಿಯಲ್ಲಿ ಕಲಾವಿದನ ಹೆಸರು ಕಾಸ್ತೊ ಲಿವಾನಾಗ್ ಎಂದೂ, ಕೆಳಗೆ ಇಸವಿಯೂ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಚಿತ್ರಕ್ಕೆ ನಿಂತವರು ಯಾರೆಂದು ತಿಳಿದಿಲ್ಲ ಎಂದೂ ಬರೆದಿತ್ತು.

ಆ ಇಸವಿಯೇ ಅಂಪಾರೊಳ ನಿದ್ದೆಗೆಡಿಸಿದ್ದು. ಅವಳು ಹುಟ್ಟುವುದಕ್ಕೆ ಮೂರು ವರ್ಷ ಹಿಂದಿನದು ಅದು. ಮನೆಗೆ ಅವಳೇ ಹಿರಿಯಳು. ಹಾಗಾದರೆ ಈ ಬಸಿರು ಯಾರದು? ಪಸಿಗ್‌ನಲ್ಲಿ ಅವಳು ಕೆಲಸ ಮಾಡುವ ಕನ್ನಡಕದಂಗಡಿಗೆ ಒಂದು ದಿನ ಸರೋವರದ ದಂಡೆಯ ಕಾರ್ಡೋನದಿಂದ, ಅಂದರೆ ತಾಯಿಯ ಹಳೇ ಊರಿನಿಂದ, ಮುದುಕಿಯೊಬ್ಬಳು ಬಂದಿದ್ದಳು. ಚೌಕಟ್ಟು ಸರಿಮಾಡಲೆಂದು ಅಂಪಾರೊ ಅವಳ ಕಿವಿಯ ಹಿಂದೆ ಬೆರಳಿಟ್ಟಾಗ, ಹೊಸ ಗಾಜಿನಿಂದ ಇವಳನ್ನೇ ದಿಟ್ಟಿಸಿ, "ನೀನು ಸಬಿನಾನ ಮಗಳಲ್ವಾ? ನಿಮ್ಮಮ್ಮನ್ನ ಮನಿಲಾದಲ್ಲಿ ಗೋಡೆಗೆ ನೇತುಹಾಕಿದಾರಲ್ಲ, ನೋಡಿದೀಯಾ?" ಎಂದು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಯಾಕೆ ನಕ್ಕಳೆಂದು ಕೇಳುವಷ್ಟರಲ್ಲಿ ಅವಳ ಸೊಸೆ ಬಂದು ಕರೆದುಕೊಂಡು ಹೋದಳು. ಮುಂದಿನ ರಜೆಯ ದಿನ ಅಂಪಾರೊ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆಂದು ತಾಯಿಗೆ ಸುಳ್ಳು ಹೇಳಿ ಮನಿಲಾದ ಇಂಟ್ರಾಮುರೋಸಿನ ಹಳೆ ಕೋಟೆಗೋಡೆಯೊಳಗಿರುವ ಈ ಮ್ಯೂಸಿಯಮ್ಮಿಗೆ ಬಂದಿದ್ದಳು. ಸುಳ್ಳಿನ ಅಗತ್ಯವೇನಿತ್ತೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಐವತ್ತು ದಾಟಿದ ಹೆಂಗಸು ತಾಯಿಯ ಚಿತ್ರ ನೋಡಲು ಹೊರಟಾಗ ಕದ್ದು ಸಿನಿಮಾಕ್ಕೆ ಹೊರಟವಳ ಹಾಗೆ ಎದೆ ಯಾಕೆ ಹೊಡೆದುಕೊಳ್ಳಬೇಕು? ಅವತ್ತು ಮೊದಲು ಕಂಡದ್ದು ಕಲೆ, ಆಮೇಲೆ ಹೊಟ್ಟೆ, ಆಮೇಲೆ ಇಸವಿ. ಪಕ್ಕದಲ್ಲಿ ನಿಂತಿದ್ದ, ಎದೆಗೆ ಡನಿಕಾ ಎಂಬ ಹೆಸರುಪಟ್ಟಿ ಹಚ್ಚಿಕೊಂಡಿದ್ದ ಗೈಡ್ ಹುಡುಗಿಗೆ ತಡೆಯಲಾರದೆ ಹೇಳಿಬಿಟ್ಟಿದ್ದಳು, "ಇವರು ನಮ್ಮಮ್ಮ." ಹುಡುಗಿ ಬಹಳ ಮೃದುವಾಗಿ ನಕ್ಕು, "ತುಂಬ ಜನ ಹಾಗೇ ಹೇಳ್ತಾರೆ ಮೇಡಂ. ಈ ಚಿತ್ರ ನೋಡಿದ್ರೆ ಎಲ್ರಿಗೂ ಅವರವರ ಅಮ್ಮನೇ ನೆನಪಾಗ್ತಾರೆ" ಎಂದಿದ್ದಳು. ಆ ಮೃದುತ್ವಕ್ಕೆ ಕೆನ್ನೆಗೆ ಹೊಡೆಸಿಕೊಂಡಂತಾಗಿ ಅಂಪಾರೊ, ಹೌದು ಹೌದು ಎಂದು ತಲೆಯಾಡಿಸಿ, ಪಕ್ಕದ ಚಿತ್ರವನ್ನು ನೋಡುವ ನಟನೆ ಮಾಡಿ ಹೊರಗೆ ಬಂದಿದ್ದಳು.

ಆ ಸಂಜೆಯಿಂದ ಮನೆಯಲ್ಲಿ ಇನ್ನೊಬ್ಬಳಿರುವ ಹಾಗೆ ಅವಳಿಗೆ ಅನ್ನಿಸತೊಡಗಿತು. ಹುಟ್ಟಿ ಸತ್ತಳೋ, ಹುಟ್ಟುವ ಮೊದಲೇ ಹೋದಳೋ, ಯಾರಿಗಾದರೂ ಕೊಟ್ಟುಬಿಟ್ಟರೋ? ಗಂಡಿರಬಹುದೆಂದು ಒಂದು ಸಲವೂ ಹೊಳೆಯಲಿಲ್ಲ. ಅಕ್ಕನೇ. ತನಗಿಂತ ಎತ್ತರ, ಗಟ್ಟಿ ದನಿ, ಯಾರ ಮುಲಾಜಿಗೂ ಬೀಳದವಳು. ತಮ್ಮಂದಿರು, ಅವರ ಹೆಂಡಂದಿರು, ಅಂಗಡಿಯ ಹುಡುಗಿಯರು, ಬೀದಿಯ ಕೊನೆಯಲ್ಲಿ ಬಾಳೆಹಣ್ಣು ಕರಿಯುವವಳು, ಎಲ್ಲರಿಗೂ ಅಂಪಾರೊ 'ಆತೆ', ಅಂದರೆ ಅಕ್ಕ. ಅವಳು ಮಾತ್ರ ಹುಟ್ಟಿದಂದಿನಿಂದ ಯಾರನ್ನೂ ಆತೆ ಎಂದು ಕರೆದವಳಲ್ಲ. ಅನ್ನ ಬಸಿಯುತ್ತ ಒಂದು ದಿನ ತುಟಿಯಲ್ಲೇ ಅಂದು ನೋಡಿದಳು: ಆತೆ. ನಾಚಿಕೆಯಾಯಿತು. ಮತ್ತೆ ಅಂದಳು. ಅಮ್ಮನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ನಾನಾಯ್ ಎಂದು. ಕಿರಿಯ ತಮ್ಮ ಎಫ್ರೆನ್ನನ ಹೆಂಡತಿ ಫೋನಿನಲ್ಲಿ, "ನಾನಾಯ್‌ನ ಈ ಸಲ ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ಇಟ್ಕೋಬೇಕು ಅಂತ ತುಂಬ ಆಸೆ, ಆದ್ರೆ ಅವರಿಗೆ ನಿಮ್ಮ ಕೈ ಅಭ್ಯಾಸ ಆಗ್ಬಿಟ್ಟಿದೆಯಲ್ಲ, ಆತೆ" ಎಂದು ಜೇನು ಸುರಿಸಿದಾಗ, ಎಂದಿನ ಸಿಟ್ಟು ಬರುವ ಬದಲು, ಅಕ್ಕನಾಗಿದ್ದರೆ ಈಗ ಏನು ಅನ್ನುತ್ತಿದ್ದಳೆಂದು ಯೋಚಿಸುತ್ತ ಅವಳು ಸುಮ್ಮನೆ ನಕ್ಕಿದ್ದಳು. ಅಕ್ಕನಿದ್ದಿದ್ದರೆ, ಅಪ್ಪ ತೀರಿಕೊಂಡಾಗ ಅವಳೇ ಬಂದವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು, ತಾನು ಒಂದು ಮೂಲೆಯಲ್ಲಿ ಕೂತು ಅಳಬಹುದಿತ್ತು. ತನ್ನನ್ನು ಮದುವೆಯಾಗಬೇಕೆಂದಿದ್ದ ಹಡಗಿನ ಎಂಜಿನಿಯರು ರೆನಾತೊ, ಬರುತ್ತೀಯಾ ಇಲ್ಲವಾ ಎಂದು ಬಂದರಿನ ಗೇಟಿನ ಬಳಿ ಕೇಳಿದಾಗ, ತಾನು, ತಮ್ಮನ ಓದು ಮುಗಿಯಲಿ ಎನ್ನುವ ಮೊದಲು ಅಕ್ಕ ಬೆನ್ನಿಗೊಂದು ಗುದ್ದಿ, ಹೋಗೇ, ನಾನಿಲ್ವಾ, ಎನ್ನುತ್ತಿದ್ದಳು. ಇಷ್ಟು ವರ್ಷ ಹೊತ್ತದ್ದೆಲ್ಲ ನಿಜವಾಗಿ ಇನ್ನೊಬ್ಬಳ ಪಾಲಿನದು, ತಾನು ಅವಳ ಬದಲಿಗೆ ನಿಂತವಳು ಎಂದು ಯೋಚಿಸಿದರೆ ಭಾರ ಕಡಿಮೆಯಾಗುತ್ತಿತ್ತು. ಆಶ್ಚರ್ಯವೆಂದರೆ, ಅದಕ್ಕಾಗಿ ತಾಯಿಯ ಮೇಲೆ ಕೋಪ ಬರಲಿಲ್ಲ. ಬಂದದ್ದು ಕುತೂಹಲ. ಬಚ್ಚಲಲ್ಲಿ ಆ ಬೆನ್ನನ್ನು ಉಜ್ಜುತ್ತ, ಈ ಎಲುಬುಗಳೊಳಗೆ ಇನ್ನೂ ಏನೇನಿದೆ, ಇವಳು ನನಗೆ ತಾಯಿಯಾಗುವ ಮೊದಲು ಯಾರಾಗಿದ್ದಳು ಎಂದು ನೋಡುತ್ತ ನಿಂತುಬಿಡುತ್ತಿದ್ದಳು.

"ನಾನಾಯ್, ನಾನು ಹುಟ್ಟೋಕೆ ಮುಂಚೆ..."

"ಮುಂಚೆ ಏನು?"

"ಏನಿಲ್ಲ. ನೀರು ಬಿಸಿ ಸಾಕಾ?"

"ಸಾಕು. ನೀನು ಹುಟ್ಟೋಕೆ ಮುಂಚೆ ಬಿಸಿನೀರು ಎಲ್ಲಿತ್ತು."

ಇವತ್ತು ಬೆಳಿಗ್ಗೆ ಮ್ಯೂಸಿಯಂ ನೋಡಿಬರೋಣ ಎಂದಾಗ ಸಬಿನ, ಅಲ್ಲಿ ಏನಿದೆ ಎಂದು ಕೇಳಿದ್ದಳು. ಹಳೇ ಸಾಮಾನು ಎಂದಿದ್ದಳು ಅಂಪಾರೊ. "ಹಳೇ ಸಾಮಾನು ನೋಡೋಕೆ ಜೀಪ್ನಿ ಹತ್ತಬೇಕಾ? ನನ್ನೇ ನೋಡ್ಕೊಂಡಿರು" ಎಂದು ಹೇಳಿಯೂ ಮುದುಕಿ ಹೂವಿನ ಅಂಗಿ ಹಾಕಿ, ತುಟಿಗೆ ಒಂದಿಷ್ಟು ಬಣ್ಣ ಹಚ್ಚಿಕೊಂಡು ತಯಾರಾಗಿ ನಿಂತಳು. ಕೆಳಗಿನ ಕೋಣೆಗಳಲ್ಲಿ ಅವಳು ಮಗಳಿಗಿಂತ ಮುಂದೆ ನಡೆಯುತ್ತಿದ್ದಳು. ಅನಾನಸ್ ನಾರಿನ ರವಿಕೆಯನ್ನು ಗಾಜಿಗೆ ಮೂಗು ತಾಗಿಸಿ ನೋಡಿ, ಒಗೆಯುವವಳ ಗತಿ ಏನು ಎಂದಳು. ಭತ್ತ ಕುಟ್ಟುವ ಒರಳಿನ ಮುಂದೆ ನಿಂತು, ನಮ್ಮನೇದು ಇದಕ್ಕಿಂತ ಆಳ ಇತ್ತು, ನಿಮ್ಮಪ್ಪ ಹಂದಿಗೆ ಅದರಲ್ಲೇ ತೌಡು ಹಾಕ್ತಿದ್ದ ಎಂದಳು. ಒರಳಿನ ಮೇಲೆ ಬೀಳುವ ಬೆಳಕನ್ನು ನೋಡುತ್ತ ಅಂಪಾರೊ, ಒಂದು ವಸ್ತು ಯಾವಾಗ ಸಾಮಾನಾಗಿರುವುದು ನಿಂತು ಪರಂಪರೆಯಾಗುತ್ತದೆ ಎಂದು ಯೋಚಿಸುತ್ತಿದ್ದಳು. ಕೊನೆಯ ಸಲ ಇದರಲ್ಲಿ ಭತ್ತ ಕುಟ್ಟಿದವಳಿಗೆ, ಇದು ಕೊನೆಯ ಸಲ ಎಂದು ಗೊತ್ತಿತ್ತೇ? ಅವಳ ಕೈಯಿಂದ ಒನಕೆಯನ್ನು ಯಾರೋ ಇಸಿದುಕೊಂಡು ಗೌರವದಿಂದ ಗೋಡೆಗೆ ಒರಗಿಸಿದ ಹಾಗೆ ಇತ್ತು ಆ ಕೋಣೆ. ಮುಂದಿನ ಕೋಣೆಯಲ್ಲಿ ದಂತದ ಮುಖದ ಮಾತೆ ಮರಿಯಾ. ಮೆರವಣಿಗೆಯಲ್ಲಿ ಹೊರುವ ಮೂರ್ತಿಯಾದ್ದರಿಂದ ಭಾರವಾಗದಿರಲೆಂದು ಸೊಂಟದ ಕೆಳಗೆ ಮೈಯನ್ನೇ ಮಾಡಿರಲಿಲ್ಲ. ಜರಿಯ ಲಂಗ ತೆಗೆದಿಟ್ಟಿದ್ದರಿಂದ ಕೆಳಗಿನ ಮರದ ಪಟ್ಟಿಗಳ ಪಂಜರ ಕಾಣುತ್ತಿತ್ತು. ಸಬಿನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ಪಾಪ, ಬಟ್ಟೆ ಹಾಕೋದಲ್ವಾ ಇವರು, ಮರ್ಯಾದೆ ಬೇಡ್ವಾ" ಎಂದು ಬೇರೆ ಕಡೆ ತಿರುಗಿದಳು. ಮೆಟ್ಟಿಲು ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಏದುಸಿರು ಬಂದು ಬೆಂಚಿನ ಮೇಲೆ ಕುಸಿದಿದ್ದಳು.

ಅವಳು ತಲೆಯೆತ್ತುವ ಮೊದಲೇ ಬಾಗಿಲಲ್ಲಿ ಗದ್ದಲವಾಯಿತು. ಕಾಲೇಜಿನ ಹುಡುಗ ಹುಡುಗಿಯರ ಗುಂಪೊಂದನ್ನು ಹಿಂದಿಟ್ಟುಕೊಂಡು ಡನಿಕಾ ಬಂದಳು. ಗುರುತು ಹಿಡಿದಾಳೆಂದು ಅಂಪಾರೊ ಕಂಬದ ಪಕ್ಕಕ್ಕೆ ಸರಿದಳು. ಗುರುತು ಹಿಡಿಯಲಿಲ್ಲ ಎಂದು ತಿಳಿದ ಮೇಲೆ ಅದಕ್ಕೂ ಸ್ವಲ್ಪ ಬೇಸರವಾಯಿತು. "ಇದು ಕಾಸ್ತೊ ಲಿವಾನಾಗ್ ಅವರ ಅತ್ಯಂತ ಮುಖ್ಯವಾದ ಚಿತ್ರ" ಎಂದು ಹುಡುಗಿ ಶುರುಮಾಡಿದಳು. "ಇಲ್ಲಿರೋದು ಬರೀ ಒಬ್ಬ ಬೆಸ್ತರ ಹೆಂಗಸಲ್ಲ. ಈಕೆ ನಮ್ಮ ತಾಯ್ನಾಡು. ಸ್ಪೇನಿನವರು ಹೋದ್ರು, ಅಮೆರಿಕದವರು ಹೋದ್ರು, ಜಪಾನಿನವರು ಹೋದ್ರು. ಇವಳು ಇನ್ನೂ ನಿಂತು ಮೀನು ಆಯ್ತಿದಾಳೆ. ಆ ಗರ್ಭದಲ್ಲಿರೋದು ಇನ್ನೂ ಹುಟ್ಟಬೇಕಾಗಿರೋ ನಾಡು." ಚೆನ್ನಾಗಿ ಹೇಳಿದಳು, ಅವಳ ದನಿ ನಿಜವಾಗಿಯೂ ಒಂದಿಷ್ಟು ನಡುಗಿತು. ಅಂಪಾರೊ ಮನಸ್ಸಿನಲ್ಲೇ ಅಂದುಕೊಂಡಳು: ನಾಡಲ್ಲ, ಹುಡುಗೀ, ನಾಡಲ್ಲ. ಅಷ್ಟರಲ್ಲಿ ಹಿಂದಿನಿಂದ ಬುಸಕ್ಕನೆ ಒಂದು ನಗು ಕೇಳಿಸಿತು. ತಿರುಗಿದರೆ ಸಬಿನ, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು, ಭುಜ ಕುಲುಕಿಸುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಚಿತ್ರವನ್ನೇ ನೋಡುತ್ತಿದ್ದಳು. ಹುಡುಗರೆಲ್ಲ ತಿರುಗಿದರು. ಡನಿಕಾ ಮುಖ ಕೆಂಪಾಗಿ, ಮುದುಕರನ್ನು ಮನ್ನಿಸುವವರ ನಗು ನಕ್ಕು, ಗುಂಪನ್ನು ಮುಂದಿನ ಕೋಣೆಗೆ ಕರೆದೊಯ್ದಳು. ಅಂಪಾರೊಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಕೋಣೆ ಖಾಲಿಯಾಯಿತು. ಸಬಿನ ಮೊಣಕಾಲಿಗೆ ಕೈಯೂರಿ ಎದ್ದು ಚಿತ್ರದ ಹತ್ತಿರ ಬಂದು ನಿಂತಳು.

"ಇದನ್ನ ತೋರ್ಸೋಕಾ ಕರ್ಕೊಂಡ್ ಬಂದಿದ್ದು?"

"ಹೂಂ."

"ಯಾರು ಹೇಳಿದ್ರು?"

"ಕಾರ್ಡೋನದವರು ಯಾರೋ ಅಂಗಡಿಗೆ ಬಂದಿದ್ರು."

"ಅಲ್ಲಿಯವರಿಗೆ ಇನ್ನೂ ಬಾಯಿ ಬಿದ್ದುಹೋಗಿಲ್ಲ ನೋಡು." ಅವಳು ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದಳು. "ಮೂಗು ಅಷ್ಟು ದಪ್ಪ ಇರ್ಲಿಲ್ಲ ನಂದು. ಮೀನು ಮಾತ್ರ ಚೆನ್ನಾಗಿ ಬರ್ದಿದಾನೆ. ಆಯುಂಗಿನ್ ಮೀನು ಈಗೆಲ್ಲಿ ಸಿಗತ್ತೆ? ಎಷ್ಟು ಹೊತ್ತು ನಿಲ್ಲಿಸ್ತಿದ್ದ ಅಂತೀಯಾ, ಆ ಮೀನು ನಾತ ಹೊಡೆದು ನೊಣ ಮುತ್ತೋವರ್ಗೂ. ಆಮೇಲೆ ಅದನ್ನೇ, ತಗೊಂಡ್ಹೋಗು ಸಬಿನಾ, ಅನ್ನೋನು."

ಈಗ ಕೇಳದಿದ್ದರೆ ಇನ್ನು ಕೇಳಲಾರೆ ಅನ್ನಿಸಿತು ಅಂಪಾರೊಗೆ. ತಾಯಿಯ ಮುಖ ನೋಡದೆ ಚಿತ್ರದ ಕಡೆಗೇ ತಿರುಗಿ ಕೇಳಿದಳು.

"ಅವಳು ಏನಾದ್ಲು, ನಾನಾಯ್?"

"ಯಾರು?"

"ಹೊಟ್ಟೇಲಿದ್ದವಳು."

ಸಬಿನ ಮೊದಲು ಹೊಟ್ಟೆಯನ್ನು ನೋಡಿದಳು, ಆಮೇಲೆ ಮಗಳನ್ನು. ಅವಳ ಬಾಯಿ ಸ್ವಲ್ಪ ತೆರೆಯಿತು.

"ದಿಂಬು ಕಣೇ ಅದು."

ಅಂಪಾರೊಗೆ ಅರ್ಥವಾಗಲಿಲ್ಲ. ಸಬಿನ ಎರಡೂ ಕೈಯಿಂದ ತನ್ನ ಹೊಟ್ಟೆಯ ಮುಂದೆ ಗಾಳಿಯಲ್ಲಿ ದುಂಡು ಮಾಡಿ ತೋರಿಸಿದಳು. ಹತ್ತಿಯ ದಿಂಬು, ಕಾಸ್ತೊನ ಹೆಂಡತಿಯದು. ಅವನಿಗೆ ಬಸುರಿಯ ಚಿತ್ರವೇ ಬೇಕಿತ್ತು. ಊರಿನ ಬಸುರಿಯರು ಯಾರೂ ನಿಲ್ಲಲು ಒಪ್ಪಲಿಲ್ಲ. ಚಿತ್ರದಲ್ಲಿ ಹಿಡಿದಿಟ್ಟರೆ ಕೂಸು ಹೊರಗೆ ಬರುವುದಿಲ್ಲ ಎಂದು ಹೆದರಿಕೆ. ಮದುವೆಯಾಗಿಯೂ ಮಕ್ಕಳಿಲ್ಲದೆ ಇದ್ದವಳು ಇವಳೊಬ್ಬಳು. ಹೆದರುವುದಕ್ಕೆ ಏನಿತ್ತು? ಹಳೇ ಪಂಚೆಯಲ್ಲಿ ದಿಂಬು ಕಟ್ಟಿ ಅಟ್ಟದ ಮೇಲೆ ನಿಲ್ಲಿಸಿದ.

ಸತ್ತವರು ಯಾರೂ ಇರಲಿಲ್ಲ, ಕೊಟ್ಟುಬಿಟ್ಟವರೂ ಇರಲಿಲ್ಲ. ಸಮಾಧಾನವಾಗಬೇಕಾಗಿತ್ತು, ನಗಬೇಕಾಗಿತ್ತು. ತಾಯಿ ನಗುತ್ತಲೇ ಇದ್ದಳು. ಅಂಪಾರೊ ನಗಲು ಬಾಯಿ ತೆರೆದಳು, ಬಂದದ್ದು ಬೇರೆಯೇ. ಬೆನ್ನಿಗೆ ಗುದ್ದಿ ಹೋಗೇ ಎನ್ನುತ್ತಿದ್ದವಳು, ಬಂದರಿನ ಗೇಟಿನಲ್ಲಿ, ಅಪ್ಪನ ಶವದ ಪಕ್ಕದಲ್ಲಿ, ಫೋನಿನ ಈ ಕಡೆಯಲ್ಲಿ ಇಷ್ಟು ದಿನ ಜೊತೆಗೆ ನಿಂತವಳು, ಒಳಗೆ ಬರೀ ಹತ್ತಿ ತುಂಬಿದವಳಾಗಿ ನೆಲದ ಮೇಲೆ ಬಿದ್ದಿದ್ದಳು. ಎಲ್ಲ ಭಾರವೂ ತನ್ನದೇ ಪಾಲಿನದು, ಮೊದಲಿನಿಂದಲೂ. ತನ್ನ ಮೂರ್ಖತನಕ್ಕೆ ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ಹೆಚ್ಚಾಗಿ, ಯಾರೋ ನಿಜವಾಗಿ ಸತ್ತ ದುಃಖವಾಯಿತು.

"ಯಾಕೆ ಅಳ್ತಿದೀಯ? ದಿಂಬಿಗೆ ಅಳ್ತಾರಾ ಯಾರಾದ್ರೂ?"

"ನಂಗೊಬ್ಳು ಅಕ್ಕ ಇದ್ದಾಳೆ ಅಂದ್ಕೊಂಡಿದ್ದೆ, ನಾನಾಯ್."

ಸಬಿನಳ ನಗು ನಿಂತಿತು. ಅವಳು ಮಗಳ ಕೈ ಹಿಡಿದು ಬೆಂಚಿಗೆ ಕರೆತಂದು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಕರವಸ್ತ್ರ ಕೊಟ್ಟಳು. ಅದರಲ್ಲಿ ಅವಳ ಎಂಜಲಿನ ತೇವವಿತ್ತು. ಚಿತ್ರವನ್ನೇ ನೋಡುತ್ತ, ಯಾರೋ ಬೇರೆಯವರ ವಿಷಯ ಹೇಳುವ ಹಾಗೆ ಹೇಳತೊಡಗಿದಳು.

"ಒಂದು ದಿನ ಬಿಚ್ಚಲೇ ಇಲ್ಲ ನಾನು. ಇವತ್ತಿಗೆ ಸಾಕು ಅಂದ ಕಾಸ್ತೊ. ಅವನ ಹೆಂಡತಿ ಒಳಗಿದ್ಲು. ನಾನು ಹಾಗೇ, ದಿಂಬು ಕಟ್ಕೊಂಡೇ, ಬೀದಿಗೆ ಇಳಿದ್ಬಿಟ್ಟೆ. ಯಾಕೆ ಅಂತ ಕೇಳ್ಬೇಡ. ಜನ ಏನಂತಾರೆ ನೋಡೋಣ ಅನ್ನಿಸ್ತು. ದಾರೀಲಿ ಹಣ್ಣು ಮಾರೋಳು ಕರೆದು ಹುಳಿ ಮಾವಿನಕಾಯಿ ಕೈಗಿಟ್ಲು, ಉಪ್ಪು ಹಾಕ್ಕೊಂಡು ತಿನ್ನು ಅಂತ. ಒಬ್ಬ ಮುದುಕಪ್ಪ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ನಂಗೆ ಅಲ್ಲೀವರ್ಗೆ ಯಾರೂ ದಾರಿ ಬಿಟ್ಟಿರ್ಲಿಲ್ಲ ಕಣೇ. ನಿಧಾನವಾಗಿ ನಡೆದೆ, ಸೊಂಟದ ಮೇಲೆ ಕೈ ಇಟ್ಕೊಂಡು. ಬೇಗ ಮನೆ ಬಂದ್ಬಿಡತ್ತಲ್ಲ ಅಂತ ಬೇಜಾರಾಯ್ತು."

"ಮನೇಲಿ?"

"ನಿಮ್ಮಜ್ಜಿ ಬಾಗಿಲಲ್ಲೇ ಇದ್ಲು. ನೋಡಿದ್ಲು. ಬಂದು ಬಟ್ಟೆ ಮೇಲೆತ್ತಿ ದಿಂಬು ಎಳೆದ್ಲು, ಅಕ್ಕಪಕ್ಕದವ್ರ ಮುಂದೇನೇ. ನಮ್ಮ ಸೊಸೆ ಹತ್ತಿ ಹೆರ್ತಾಳೆ ಬನ್ನಿ, ಅಂತ ಕೂಗಿ ಕೂಗಿ ಹೇಳಿದ್ಲು. ಆಮೇಲೆ ನಾನು ಸಂತೆಗೆ ಹೋದ್ರೂ ಸಾಕು, ಹತ್ತಿ ಎಷ್ಟು ತೂಗತ್ತೆ ಸಬಿನಾ ಅನ್ನೋರು. ಅದಕ್ಕೇ ಪಸಿಗ್‌ಗೆ ಬಂದಿದ್ದು ನಾವು. ನಿಮ್ಮಪ್ಪನ ಕೆಲ್ಸಕ್ಕೆ ಅಂತ ನಿಮಗೆಲ್ಲ ಹೇಳಿದ್ದು ಅಷ್ಟೇ."

ಅಂಗಡಿಯ ಮುದುಕಿ ಬಾಯಿಗೆ ಕೈ ಹಿಡಿದು ನಕ್ಕದ್ದು ಯಾಕೆಂದು ಅಂಪಾರೊಗೆ ತಿಳಿಯಿತು. ಇಷ್ಟು ವರ್ಷದ ಮೇಲೂ ಹಳಸದೆ ಉಳಿದ ನಗು.

"ಅಪ್ಪ ಏನಂದ್ರು?"

ಸಬಿನಳ ಮುಖ ಮೆತ್ತಗಾಯಿತು. "ನಿಮ್ಮಪ್ಪ ದೋಣಿ ಕಟ್ಟಿ ಬಂದಾಗ ನಾನು ಒಲೆ ಮುಂದೆ ಕೂತಿದ್ದೆ, ದಿಂಬು ತೊಡೆ ಮೇಲಿತ್ತು. ಊರೆಲ್ಲ ಹೇಳಿತ್ತಲ್ಲ ಅವನಿಗೆ. ಹೊಡೀತಾನೆ ಅಂದ್ಕೊಂಡೆ. ಪಕ್ಕಕ್ಕೆ ಬಂದು ಕೂತ. ದಿಂಬಿನ ಮೇಲೆ ಕೈ ಇಟ್ಟ. ಗಂಡೋ ಹೆಣ್ಣೋ ಅಂತ ಕೇಳ್ದ. ತಮಾಷೆಗಲ್ಲ. ಹೆಣ್ಣು ಅಂದೆ. ಹೆಸರೇನಿಟ್ಟಿದೀಯ ಅಂದ." ಅವಳು ಬೆರಳಿನ ಉಗುರು ನೋಡಿಕೊಂಡಳು. "ಅಂಪಾರೊ ಅಂದೆ."

ಪಕ್ಕದ ಕೋಣೆಯಿಂದ ಡನಿಕಾಳ ದನಿ ಏರಿಳಿಯುತ್ತ ಕೇಳಿಸುತ್ತಿತ್ತು.

"ಮಾತೆ ಮರಿಯಾನ ಹೆಸರು ಅಂತ ಹೇಳಿದ್ಯಲ್ಲ ನಂಗೆ."

"ಮರಿಯಾಂದೂ ಹೌದು. ಆದ್ರೆ ಅಂಪಾರೊ ಅಂದ್ರೆ ಆಸರೆ ತಾನೆ? ತಲೆ ಕೊಟ್ಕೊಂಡು ಮಲಗೋದಕ್ಕೆ ಬೇರೆ ಏನಂತ ಹೆಸರಿಡ್ಲಿ?" ಸಬಿನ ಮಗಳ ಕಡೆಗೆ ವಾರೆಗಣ್ಣಿಂದ ನೋಡಿದಳು. "ಚಿತ್ರ ಮುಗಿದ ಮೇಲೆ ಕಾಸ್ತೊನ ಹೆಂಡತಿ, ಇಟ್ಕೋ ಅಂತ ಕೊಟ್ಟೇಬಿಟ್ಲು. ನೀನು ಬರೋವರ್ಗೂ ತಬ್ಕೊಂಡು ಮಲಗ್ತಿದ್ದೆ. ಅದರ ಜೊತೆ ಮಾತಾಡ್ತಿದ್ದೆ. ಬೈತಿದ್ದೆ ಕೂಡ. ನೀನು ಹುಟ್ಟಿದಾಗ ಮೊದ್ಲು ನಿನ್ನ ಅದರ ಮೇಲೇ ಮಲಗ್ಸಿದ್ದು. ಒಂದೇ ಹೆಸರು ಇಬ್ರಿಗೆ ಆಯ್ತಲ್ಲ ಅಂತ ನಿಮ್ಮಪ್ಪ ಅಂದ. ಅವಳಿಗೇನೂ ಬೇಜಾರಿಲ್ಲ ಬಿಡು ಅಂದೆ."

ಅಂಪಾರೊ ಕಣ್ಣೊರೆಸಿಕೊಂಡು ಕರವಸ್ತ್ರವನ್ನು ತಾಯಿಯ ಮಡಿಲಿಗೆ ಹಾಕಿದಳು. ದಿಂಬಿನ ಹೆಸರು ತನಗೆ ಎಂದು ನಗು ಬರುತ್ತಿತ್ತು, ನಗುವಿನ ಕೆಳಗೆ ಇನ್ನೊಂದು ಏನೋ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ತಾಯಿಯ ತೋಳನ್ನು ಮುಟ್ಟಬೇಕು ಅನ್ನಿಸಿತು. ದಿನಾ ಮುಟ್ಟುವ ತೋಳು, ಆದರೆ ಈಗ ಅದು ಬೀದಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು, ಬೇಕೆಂದೇ ನಿಧಾನವಾಗಿ ನಡೆದ ಹೆಂಗಸಿನ ತೋಳಾಗಿತ್ತು. ಅವಳನ್ನು ಇವತ್ತು ಮೊದಲ ಸಲ ಭೇಟಿಯಾದ ಹಾಗಿತ್ತು. ಕೇಳಬೇಕಾದದ್ದು ಇನ್ನೂ ಎಷ್ಟಿದೆ. ಆ ಮಾವಿನಕಾಯಿ ತಿಂದಳೇ? ಕಾಸ್ತೊ ಈ ಕತೆ ಕೇಳಿ ಏನಂದ? ಚಿತ್ರದಲ್ಲಿ ಮುಖವನ್ನು ಆಚೆ ತಿರುಗಿಸಿದ್ದು ಅವನೋ ಇವಳೋ?

"ಅಲ್ಲಿ ಚೀಟೀಲಿ ನಿನ್ನ ಹೆಸರಿಲ್ಲ, ನಾನಾಯ್. ಹೇಳ್ಲಾ ಅವರಿಗೆ?"

"ಹೇಳು ಬೇಕಾದ್ರೆ. ದಿಂಬಿನ ವಿಷ್ಯ ಹೇಳ್ಬೇಡ. ಪಾಪ, ಆ ಹುಡುಗಿ ನಾಡು ಗೀಡು ಅಂತ ಅಷ್ಟೊಂದು ಹೇಳ್ತಿದ್ಲು."

ಗುಂಪನ್ನು ಕಳಿಸಿ ಡನಿಕಾ ಒಬ್ಬಳೇ ಈ ಕೋಣೆಯ ಮೂಲಕ ವಾಪಸು ಬರುತ್ತಿದ್ದಳು. ಅಂಪಾರೊ ಎದ್ದು ಅಡ್ಡ ನಿಂತಳು. "ಈ ಚಿತ್ರಕ್ಕೆ ನಿಂತೋರ ಹೆಸರು ಸಬಿನ ರೋಕೆ" ಎಂದಳು. "ಕಾರ್ಡೋನದವರು. ಅಲ್ಲಿ ಕೂತಿದಾರೆ ನೋಡಿ." ಹುಡುಗಿಯ ಮುಖದ ಮೇಲೆ ಆ ಹಳೆಯ ಮೃದು ನಗು ಏಳತೊಡಗಿತು. ಏಳುತ್ತಿದ್ದಂತೆಯೇ ಬೆಂಚಿನ ಕಡೆ ನೋಡಿದಳು. ಸೆಕೆಗೆ ಸಬಿನ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿ, ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಡನಿಕಾ ಆ ಮುಂಗೈಯನ್ನು ನೋಡಿದಳು, ಗೋಡೆಯ ಮೇಲಿನ ಮುಂಗೈಯನ್ನು ನೋಡಿದಳು, ಮತ್ತೆ ಇದನ್ನು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಚರ್ಚಿನಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು.

"ನೀವು ಅವರಿಗೆ ಏನಾಗ್ಬೇಕು?"

"ಮಗಳು" ಎಂದಳು ಅಂಪಾರೊ. ಆಮೇಲೆ, "ಎರಡನೆಯವಳು."

ಹುಡುಗಿಯ ಕಣ್ಣು ನಿಧಾನವಾಗಿ ಚಿತ್ರದ ಹೊಟ್ಟೆಯ ಕಡೆಗೆ ಹೋಯಿತು. "ಹಾಗಾದ್ರೆ ಅಲ್ಲಿರೋದು..."

"ನಮ್ಮಕ್ಕ."